ಒಳಗಿನ ಜಾಗೀರು

ಹೈದರಾಬಾದಿನ ಪಶ್ಚಿಮ ಅಂಚಿನಲ್ಲಿರುವ ಮಣಿಕೊಂಡ ಇವತ್ತು ನೆಲದ ಬೆಲೆಗೆ ಹೆಸರಾದ ಊರು. ಬಂಡೆಗಲ್ಲುಗಳ ನಡುವೆ ಎದ್ದ ಎತ್ತರದ ವಸತಿ ಸಮುಚ್ಚಯಗಳು, ಸುತ್ತ ಸಾಫ್ಟ್‌ವೇರ್ ಕಚೇರಿಗಳು, ಲ್ಯಾಂಕೊ ಹಿಲ್ಸ್‌ನಂಥ ದೊಡ್ಡ ಯೋಜನೆಗಳು ಇಲ್ಲಿವೆ. ಈ ಊರಿನ 1,654 ಎಕರೆ 32 ಗುಂಟೆ ಜಮೀನು ಯಾರದು ಎಂಬ ವ್ಯಾಜ್ಯ ಬಹುಕಾಲ ನಡೆಯಿತು. ಅದು ಹಜರತ್ ಹುಸೇನ್ ಶಾಹ್ ವಲಿ ದರ್ಗಾಕ್ಕೆ ಸೇರಿದ ವಕ್ಫ್ ಆಸ್ತಿ ಎಂದು ವಕ್ಫ್ ಮಂಡಳಿ ವಾದಿಸಿತು. ಜಾಗೀರು ರದ್ದಾದಾಗಲೇ ಆ ನೆಲ ಸರ್ಕಾರಕ್ಕೆ ಬಂದಿದೆ ಎಂದು ರಾಜ್ಯ ವಾದಿಸಿತು. 2022ರ ಫೆಬ್ರವರಿ 7ರಂದು ಸುಪ್ರೀಂ ಕೋರ್ಟ್ ರಾಜ್ಯದ ಪರವಾಗಿ ತೀರ್ಪು ಕೊಟ್ಟಿತು. ಪತ್ರಿಕೆಗಳು ಈ ಸುದ್ದಿಯನ್ನು ಸಾವಿರಾರು ಕೋಟಿ ರೂಪಾಯಿಯ ಆಸ್ತಿಯ ಸುದ್ದಿಯಾಗಿ ಬರೆದವು. ಅದು ಸಹಜವೂ ಹೌದು. ಆದರೆ ಯಾವ ಸಂತನ ಹೆಸರಿನಲ್ಲಿ ಇಷ್ಟೆಲ್ಲ ನಡೆಯಿತೋ ಆ ಸಂತನ ಮನೆತನ ಸಂಪತ್ತು ಎಂದು ಯಾವುದನ್ನು ಕರೆದಿತ್ತು ಎಂಬ ಪ್ರಶ್ನೆ ಕೋರ್ಟಿನ ಮುಂದೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆ ಪ್ರಶ್ನೆಯನ್ನು ಕೇಳಬೇಕಾದವರು ನಾವು. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ದಾರಿ ನೇರವಾಗಿ ಕಲಬುರಗಿಗೆ ಬರುತ್ತದೆ.

ಹುಸೇನ್ ಶಾಹ್ ವಲಿ ಕಲಬುರಗಿಯ ಖ್ವಾಜಾ ಬಂದೇನವಾಜ್ ಗೇಸುದರಾಜರ ವಂಶಸ್ಥರು ಎಂಬುದು ಪರಂಪರೆಯ ಮಾತು. ಗೋಲ್ಕೊಂಡದ ಇಬ್ರಾಹಿಂ ಕುಲಿ ಕುತುಬ್‌ಶಾಹನ ಕಾಲದಲ್ಲಿ, 1562ರ ಸುಮಾರಿಗೆ, ಅವರ ಉಸ್ತುವಾರಿಯಲ್ಲಿ ಕಟ್ಟಿದ ಕೆರೆಯೇ ಹುಸೇನ್ ಸಾಗರ. ಹೈದರಾಬಾದ್ ನಗರಕ್ಕೆ ಅಡಿಪಾಯ ಬಿದ್ದದ್ದು 1591ರಲ್ಲಿ. ಅಂದರೆ ಊರು ಹುಟ್ಟುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲೇ ಮೂಸಿ ನದಿಯ ನೀರನ್ನು ಕಾಲುವೆಯಲ್ಲಿ ತಂದು ನಿಲ್ಲಿಸುವ ಕೆಲಸವನ್ನು ಒಬ್ಬ ಸೂಫಿ ಮನೆತನದವರು ನೋಡಿಕೊಂಡಿದ್ದರು. ಆ ಕೆರೆಗೆ ಇವತ್ತಿಗೂ ಅವರ ಹೆಸರೇ ನಿಂತಿದೆ. ಧ್ಯಾನ, ಜಪ, ಗ್ರಂಥಗಳ ಒಳಾರ್ಥ ಎಂದು ಬದುಕಿದ ಪರಂಪರೆಯೊಂದು ಮಣ್ಣು, ನೀರು, ಕೂಲಿಯಾಳುಗಳ ಲೆಕ್ಕವನ್ನೂ ಬಲ್ಲದ್ದಾಗಿತ್ತು. ಇದನ್ನು ಮೊದಲೇ ಹೇಳಲು ಕಾರಣವಿದೆ. ಶಾಸ್ತ್ರವನ್ನು ಒಳಮುಖವಾಗಿ ಓದುವುದು ಕೆಲಸವಿಲ್ಲದವರ ಹವ್ಯಾಸ, ಲೋಕಕ್ಕೆ ಬೆನ್ನು ಹಾಕಿದವರ ದಾರಿ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ದಖ್ಖನಿನ ಇತಿಹಾಸ ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಕೊಡುತ್ತದೆ. ಇಲ್ಲಿ ಒಳಾರ್ಥದ ಓದು ದುಡಿಮೆಯ ಜೊತೆಗಿತ್ತು, ಗುರುವಿನ ಹಿಡಿತದಲ್ಲಿತ್ತು, ಹತ್ತು ಜನರ ನಡುವೆ ನಡೆಯುತ್ತಿತ್ತು. ಅದು ಕೊಡುತ್ತಿದ್ದ ತುಂಬಿದ ಬಾಳು 'ನನ್ನದು' ಎಂಬುದು ಸಡಿಲವಾದಷ್ಟೂ ಸಿಗುವಂಥದ್ದಾಗಿತ್ತು. ಈ ಬರಹದ ವಾದ ಇಷ್ಟೇ. ಇದಕ್ಕೆ ಆಧಾರಗಳೇನು, ಇದರ ವಿರುದ್ಧ ಹೇಳಬಹುದಾದದ್ದೇನು ಎಂಬುದನ್ನು ಒಂದೊಂದಾಗಿ ನೋಡಬೇಕು.

ಬಂದೇನವಾಜರು 1321ರಲ್ಲಿ ದೆಹಲಿಯಲ್ಲಿ ಹುಟ್ಟಿದರು. ಮಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಬದಲಿಸಿದಾಗ ಬಾಲಕನಾಗಿದ್ದ ಅವರು ತಂದೆತಾಯಿಯ ಜೊತೆ ದಖ್ಖನಿಗೆ ಬಂದರು. ಮತ್ತೆ ದೆಹಲಿಗೆ ಮರಳಿ, ಚಿಶ್ತಿ ಪರಂಪರೆಯ ನಸೀರುದ್ದೀನ್ ಚಿರಾಗ್ ದೆಹಲಿಯವರ ಶಿಷ್ಯರಾದರು. 1398ರಲ್ಲಿ ತೈಮೂರನ ದಾಳಿಯ ಸುದ್ದಿ ಬಂದಾಗ ಊರು ಬಿಟ್ಟು, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಗುಜರಾತಿನ ಮೇಲೆ ಹಾದು ಬಹಮನಿ ಫಿರೋಜಶಾಹನ ಕಾಲದ ಕಲಬುರಗಿಗೆ ಬಂದು ನೆಲೆಸಿದರು. 1422ರಲ್ಲಿ ತೀರಿಕೊಳ್ಳುವವರೆಗೂ ಅವರ ಖಾನಖಾದಲ್ಲಿ, ಅಂದರೆ ಸೂಫಿ ಮಠದಲ್ಲಿ, ಪಾಠ ನಿಲ್ಲಲಿಲ್ಲ. ಕುರಾನಿಗೆ ಸೂಫಿ ದೃಷ್ಟಿಯಿಂದ ಬರೆದ 'ತಫ್ಸೀರೆ ಮುಲ್ತಖತ್', ಹಳೆಯ ಸೂಫಿ ಗ್ರಂಥಗಳಿಗೆ ಬರೆದ ವ್ಯಾಖ್ಯಾನಗಳು, ಅನುಭಾವದ ರಹಸ್ಯಗಳನ್ನು ಹೇಳುವ 'ಅಸ್ಮಾರುಲ್ ಅಸ್ರಾರ್' ಅವರ ಕೃತಿಗಳಲ್ಲಿ ಮುಖ್ಯವಾದವು. ಮಗ ಅಕ್ಬರ್ ಹುಸೇನಿ ಬರೆದಿಟ್ಟ ಅವರ ಮಾತುಕತೆಗಳ ಸಂಗ್ರಹ 'ಜವಾಮಿಉಲ್ ಕಲಿಮ್'. ಈ ಬರಹಗಳ ಹಿಂದೆ ಒಂದು ಗಟ್ಟಿ ನಂಬಿಕೆಯಿದೆ: ಗ್ರಂಥದ ವಾಕ್ಯಕ್ಕೆ ಕಾಣುವ ಅರ್ಥವೂ ಇದೆ, ಸಾಧಕನ ಅಂತರಂಗದಲ್ಲಿ ಬಿಚ್ಚಿಕೊಳ್ಳುವ ಅರ್ಥವೂ ಇದೆ. ಪ್ರವಾದಿಗಳ ಕಥೆಗಳು ಎಂದೋ ನಡೆದು ಮುಗಿದವು ಹೌದಾದರೂ ಓದುವವನ ಎದೆಯಲ್ಲಿ ಅವು ಮತ್ತೆ ಮತ್ತೆ ನಡೆಯುತ್ತವೆ. ಮೂಸಾ ಪ್ರವಾದಿಗೆ ಪವಿತ್ರ ಕಣಿವೆಯಲ್ಲಿ ಪಾದರಕ್ಷೆ ಕಳಚಿಡುವಂತೆ ಆಜ್ಞೆಯಾದ ಪ್ರಸಂಗವನ್ನು ಸೂಫಿಗಳು ಇಹಪರ ಎರಡರ ಆಸೆಯನ್ನೂ ಕಳಚಿಡುವ ಆಜ್ಞೆಯಾಗಿ ಓದಿದರು. ಸ್ವರ್ಗದ ಆಸೆಯೂ ಆಸೆಯೇ ಎಂದು ಗುರುತಿಸಿದ ಓದು ಅದು.

ಅರಬ್ಬಿ, ಫಾರಸಿ ಬಲ್ಲ ಪಂಡಿತರ ನಡುವೆಯೇ ಈ ಓದು ಉಳಿದಿದ್ದರೆ ಇದು ವಿದ್ವಾಂಸರ ಇತಿಹಾಸವಾಗಿ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಮುಂದಿನ ಶತಮಾನಗಳಲ್ಲಿ, ಮುಖ್ಯವಾಗಿ ವಿಜಾಪುರದ ಸೂಫಿಗಳ ಕಾಲದಲ್ಲಿ, ಇದು ದಖ್ಖನಿ ಭಾಷೆಗೆ ಇಳಿಯಿತು, ಹೆಂಗಸರ ಕೆಲಸದ ಹಾಡಾಯಿತು. ಬೀಸುವಾಗ ಹಾಡುವ ಚಕ್ಕಿನಾಮ, ನೂಲುವಾಗ ಹಾಡುವ ಚರಖಾನಾಮ, ತೊಟ್ಟಿಲು ತೂಗುವಾಗ ಹಾಡುವ ಲೋರಿನಾಮ ಎಂಬ ಪ್ರಕಾರಗಳೇ ಬೆಳೆದವು. ಚಕ್ಕಿನಾಮಗಳಲ್ಲಿ ಬೀಸುಕಲ್ಲಿನ ನೆಟ್ಟಗಿನ ಹಿಡಿಯೇ ದೇವರ ಹೆಸರಿನ ಮೊದಲಕ್ಷರವಾದ ಅಲಿಫ್. ನಡುವಿನ ಗೂಟ ಪ್ರವಾದಿ. ಕಲ್ಲು ಸುತ್ತಿದ ಹಾಗೆ ಉಸಿರಿನ ಲಯಕ್ಕೆ ನಾಮಸ್ಮರಣೆ. ಅಕ್ಷರ ಕಲಿಯದ ಹೆಣ್ಣುಮಗಳೊಬ್ಬಳು ಬೆಳಗಿನ ಜಾವ ಜೋಳ ಬೀಸುತ್ತ ತನ್ನ ಕೈಯಲ್ಲಿರುವ ಹಿಡಿಯನ್ನು ಗ್ರಂಥದ ಮೊದಲಕ್ಷರವಾಗಿ ಕಾಣುವಾಗ, ಗ್ರಂಥವೇ ಅವಳ ಅಡುಗೆಮನೆಗೆ ಬಂದಂತಾಯಿತು. ರಿಚರ್ಡ್ ಈಟನ್ ಅವರಂಥ ಇತಿಹಾಸಕಾರರು ದಖ್ಖನಿನ ಹಳ್ಳಿಗಳಿಗೆ ಸೂಫಿ ವಿಚಾರಗಳು ಹರಡಿದ ಬಗೆಯನ್ನು ವಿವರಿಸುವಾಗ ಈ ಹಾಡುಗಳನ್ನು ಮುಖ್ಯ ಸಾಕ್ಷ್ಯವಾಗಿ ಮುಂದಿಟ್ಟದ್ದು ಇದೇ ಕಾರಣಕ್ಕೆ. ಅವಳ ಮನೆಯ ಕಣಜ ಇದರಿಂದ ತುಂಬಲಿಲ್ಲ, ನಿಜ. ಆದರೆ ದಿನದ ಅತ್ಯಂತ ದಣಿವಿನ ಕೆಲಸವೊಂದು ಅರ್ಥದಿಂದ ತುಂಬಿತು. ಆ ಅರ್ಥವನ್ನು ಕಸಿದುಕೊಳ್ಳುವುದು ಯಾವ ಜಾಗೀರದಾರನಿಂದಲೂ ಸಾಧ್ಯವಿರಲಿಲ್ಲ.

ಬಂದೇನವಾಜರ ಆಸುಪಾಸಿನ ಕಾಲದಲ್ಲಿ ಕನ್ನಡದ ಪರಂಪರೆ ಏನು ಮಾಡುತ್ತಿತ್ತು ಎಂದು ನೋಡಿದರೆ ಇನ್ನೂ ಸ್ಪಷ್ಟವಾದ ಉದಾಹರಣೆ ಸಿಗುತ್ತದೆ. ಹರಿಹರನ 'ಪ್ರಭುದೇವರ ರಗಳೆ'ಯಲ್ಲಿ ಅಲ್ಲಮ ಒಬ್ಬ ಮನುಷ್ಯ. ಮದ್ದಳೆ ಬಾರಿಸುವವನು, ಕಮಲತೆಯನ್ನು ಪ್ರೀತಿಸಿ ಮದುವೆಯಾದವನು, ಅವಳು ಜ್ವರದಿಂದ ತೀರಿಕೊಂಡಾಗ ದುಃಖದಲ್ಲಿ ಅಲೆದವನು. ಒಂದು ತೋಟದಲ್ಲಿ ಕೂತು ಕಾಲಿನ ಉಗುರಿನಿಂದ ನೆಲ ಕೆದಕುವಾಗ ಅವನಿಗೆ ಹೂತುಹೋದ ಗುಡಿಯ ಕಳಸ ಕಾಣುತ್ತದೆ. ಅಗೆದು ಒಳಗೆ ಹೋದರೆ ಅಲ್ಲಿ ಕೈಯಲ್ಲಿ ಲಿಂಗ ಹಿಡಿದು ಕೂತ ಅನಿಮಿಷಯ್ಯ ಸಿಗುತ್ತಾನೆ. ಹರಿಹರನ ನಂತರ ಸುಮಾರು ಎರಡು ಶತಮಾನ ಕಳೆದು, ಎರಡನೆಯ ದೇವರಾಯನ ಕಾಲದ ವಿಜಯನಗರದಲ್ಲಿ ಚಾಮರಸ 25 ಗತಿಗಳ 'ಪ್ರಭುಲಿಂಗಲೀಲೆ'ಯನ್ನು ಬರೆದಾಗ ಕಥೆಯ ನೆಲೆಯೇ ಬದಲಾಯಿತು. ಅಲ್ಲಮನ ತಂದೆತಾಯಿ ಈಗ ನಿರಹಂಕಾರ ಮತ್ತು ಸುಜ್ಞಾನಿ. ಬನವಾಸಿಯ ಅರಸನ ಹೆಸರು ಮಮಕಾರ, ರಾಣಿಯ ಹೆಸರು ಮೋಹಿನಿ, ಅವರ ಮಗಳು ಪಾರ್ವತಿಯ ತಾಮಸ ಕಳೆಯಿಂದ ಹುಟ್ಟಿದ ಮಾಯೆ. ಕಮಲತೆಯನ್ನು ಕಳೆದುಕೊಂಡು ಅತ್ತ ಗಂಡನ ಜಾಗದಲ್ಲಿ ಮಾಯೆಯ ಕುಣಿತಕ್ಕೆ ಮದ್ದಳೆ ಬಾರಿಸಿಯೂ ಅವಳಿಗೆ ಸಿಕ್ಕದ ಪ್ರಭು ನಿಂತಿದ್ದಾನೆ. ಚಾಮರಸ ಚರಿತ್ರೆಯನ್ನು ಕೆಡಿಸಿದ ಎಂದು ಆಕ್ಷೇಪಿಸಬಹುದು. ಆದರೆ ಅವನು ಓದುಗನಿಗೆ ಒಂದು ಹೊಸ ಕೆಲಸ ಕೊಟ್ಟ. ಬನವಾಸಿ ಎಲ್ಲಿದೆ ಎಂದು ಕೇಳಿದರೆ ನಕ್ಷೆ ನೋಡಿದರಾಯಿತು. ಮಮಕಾರನ ಅರಮನೆ ಎಲ್ಲಿದೆ ಎಂದು ಕೇಳಿದರೆ ಕೇಳುಗ ತನ್ನೊಳಗೇ ನೋಡಿಕೊಳ್ಳಬೇಕು. ಈ ಕಾವ್ಯ ಮುಂದೆ ಪಿಡುಪರ್ತಿ ಸೋಮನಾಥನಿಂದ ತೆಲುಗಿಗೆ, ಶಿವಪ್ರಕಾಶರಿಂದ ತಮಿಳಿಗೆ ಹೋಯಿತು. ಕನ್ನಡದ ಒಳನೋಟವೊಂದು ಮೂರು ನಾಡುಗಳ ಓದಾಯಿತು.

ಈ ಕಾವ್ಯ ಓಲೆಗರಿಯಲ್ಲಿ ಕೂತು ಉಳಿದದ್ದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣ ಬಂತೆಂದರೆ 'ಪುರಾಣ ಹಚ್ಚುವ' ರೂಢಿ ಇತ್ತು, ಎಷ್ಟೋ ಕಡೆ ಈಗಲೂ ಇದೆ. ಸಂಜೆ ಗುಡಿಯಲ್ಲೋ ಮಠದಲ್ಲೋ ಊರವರು ಸೇರುತ್ತಾರೆ, ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ನಡುವೆ ಪ್ರಶ್ನೆ ಬರುತ್ತದೆ, ಕೊನೆಗೆ ಪ್ರಸಾದ. ನಿಜಗುಣ ಶಿವಯೋಗಿಗಳ 'ಕೈವಲ್ಯಪದ್ಧತಿ', 'ಪರಮಾನುಭವಬೋಧೆ'ಯಂಥ ಕೃತಿಗಳು ಇದೇ ಬಗೆಯ ಕೂಟಗಳಲ್ಲಿ ಶಾಸ್ತ್ರವೆಂದೇ ಹೆಸರಾಗಿ ಬದುಕಿದವು. ಇಂದಿನ ಬೀದರ್ ಜಿಲ್ಲೆಯ ಚಳಕಾಪುರದಲ್ಲಿ 1836ರಲ್ಲಿ, ಅಂದರೆ ನಿಜಾಮರ ಸೀಮೆಯಲ್ಲಿ, ಹುಟ್ಟಿದ ಸಿದ್ಧಾರೂಢರು ಹುಬ್ಬಳ್ಳಿಯಲ್ಲಿ ನೆಲೆಸಿ, 1929ರಲ್ಲಿ ದೇಹ ಬಿಡುವವರೆಗೂ ಈ ಶಾಸ್ತ್ರಶ್ರವಣವನ್ನು ಜಾತಿಯ ಕಟ್ಟಿಲ್ಲದೆ ನಡೆಸಿದರು. ಕಲಬುರಗಿ, ಬೀದರ್, ರಾಯಚೂರು ಸೀಮೆಗೆ ಈ ರೂಢಿಯ ಮಹತ್ವ ಇನ್ನೂ ಹೆಚ್ಚು. ನಿಜಾಮರ ಆಡಳಿತದ ಮುಖ್ಯ ಭಾಷೆ ಉರ್ದು ಆಗಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಉರ್ದುವೇ. ಕನ್ನಡ ಶಾಲೆ ಅಪರೂಪವಾಗಿದ್ದ ಆ ದಿನಗಳಲ್ಲಿ ಹಳ್ಳಿಯ ಕನ್ನಡಿಗನಿಗೆ ಕಠಿಣ ವಿಚಾರವನ್ನು ಅವನ ಮಾತಿನಲ್ಲೇ ಯೋಚಿಸಲು ಕಲಿಸಿದ್ದು ಪುರಾಣದ ಕಟ್ಟೆ ಮತ್ತು ಭಜನೆಯ ಮೇಳ.

ಭಜನೆಯ ಮೇಳದಿಂದ ಹುಟ್ಟಿದ್ದು ತತ್ವಪದ. ಕಲಬುರಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರು ಈ ಪರಂಪರೆಯ ದೊಡ್ಡ ಹೆಸರು. ಅವರ ಶಿಷ್ಯವರ್ಗದಲ್ಲಿ ಚೆನ್ನೂರಿನ ಜಲಾಲ ಸಾಹೇಬರಿದ್ದರು, ಖೈನೂರಿನ ಕೃಷ್ಣಪ್ಪನವರಿದ್ದರು. ಧಾರವಾಡ ಸೀಮೆಯ ಶಿಶುನಾಳ ಶರೀಫರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರಾಗಿ, ಪ್ರಭುಲಿಂಗಲೀಲೆಯ ಓದಿನಲ್ಲಿ ಪಳಗಿ, ಸೋರುವ ಮಾಳಿಗೆಯಲ್ಲಿ ಅಜ್ಞಾನವನ್ನು ಕಂಡು ಹಾಡಿದರು. ಮೊಹರಮ್ಮಿನ ಅಲಾವಿ ಎಂಬ ಬೆಂಕಿಕುಣಿಯ ಸುತ್ತ ಹಾಡುವ ರಿವಾಯತ್ ಪದಗಳನ್ನು ಕಟ್ಟಿ ಕರ್ಬಲಾದ ಕಥೆಯನ್ನೂ ಕನ್ನಡದ ಹಳ್ಳಿಯ ಎದೆಗೆ ತಂದರು. ಈ ಪದಗಳಲ್ಲಿ ಮಗ್ಗ, ಹೊಲ, ಬೀಸುಕಲ್ಲು, ಗಿಡ, ಹಕ್ಕಿ ಎಲ್ಲವೂ ಗ್ರಂಥವಾಗುತ್ತವೆ. ದೇಹವೇ ಊರು, ಉಸಿರೇ ಮಂತ್ರ. ಶರೀಫರಿಗೂ ಹಿಂದೆ ಬಾಳಿದ ಕಾಖಂಡಕಿಯ ಮಹಿಪತಿದಾಸರನ್ನು (1611–1681) ಇಲ್ಲಿ ನೆನೆಯಲೇಬೇಕು. ವಿಜಾಪುರದ ಆದಿಲಶಾಹಿ ಆಡಳಿತದಲ್ಲಿ ದೊಡ್ಡ ಸ್ಥಾನದಲ್ಲಿದ್ದವರು ಅವರು. ಅದನ್ನು ಬಿಟ್ಟು ಯೋಗಮಾರ್ಗ ಹಿಡಿದು, ಕನ್ನಡ, ಮರಾಠಿ, ದಖ್ಖನಿ ಮೂರರಲ್ಲೂ ಹಾಡಿದರು. ಕಳೆದುಕೊಂಡವರ ಸಮಾಧಾನಕ್ಕೆ ಒಳಗಿನ ಸಂಪತ್ತಿನ ಮಾತು ಹುಟ್ಟಿತು ಎನ್ನುವವರಿಗೆ ಮಹಿಪತಿದಾಸರ ಬದುಕು ಉತ್ತರ. ಎಲ್ಲವೂ ಕೈಯಲ್ಲಿದ್ದಾಗಲೇ ಇನ್ನೊಂದು ದೊಡ್ಡದು ಎಂದು ಅರಿತು ಹೊರಟವರು ಅವರು.

ಈ ಓದಿನ ವಿರುದ್ಧದ ಮೊದಲ ಆಕ್ಷೇಪ ಪಾಂಡಿತ್ಯದ್ದು. ಬೀಸುಕಲ್ಲಿನ ಹಿಡಿ ಅಲಿಫ್ ಆಗಬಹುದಾದರೆ, ಬನವಾಸಿಯ ಅರಸ ಮಮಕಾರನಾಗಬಹುದಾದರೆ, ಯಾವುದು ಬೇಕಾದರೂ ಏನು ಬೇಕಾದರೂ ಆಗಬಹುದಲ್ಲವೇ? ಗ್ರಂಥ ತನ್ನ ಮಾತನ್ನು ಹೇಳುವ ಹಕ್ಕನ್ನೇ ಕಳೆದುಕೊಂಡು ಓದುವವನ ಮನಬಂದಂತೆ ಬಾಗುವುದಿಲ್ಲವೇ? ಈ ಅಪಾಯ ನಿಜವಾದದ್ದು, ಮತ್ತು ಪರಂಪರೆ ಇದನ್ನು ಬಲ್ಲದ್ದಾಗಿತ್ತು. 1111ರಲ್ಲಿ ತೀರಿಕೊಂಡ ಇಮಾಮ್ ಗಜ್ಜಾಲಿ ಮೂಸಾರ ಪಾದರಕ್ಷೆಯ ಪ್ರಸಂಗವನ್ನೇ ಎತ್ತಿಕೊಂಡು ಈ ಮಾತನ್ನು ಇತ್ಯರ್ಥ ಮಾಡಿದ್ದರು: ಹೊರಗಿನ ಪಾದರಕ್ಷೆಯನ್ನೂ ಕಳಚಬೇಕು, ಒಳಗಿನ ಎರಡು ಲೋಕಗಳನ್ನೂ ಬಿಡಬೇಕು, ಹೊರಗಿನದನ್ನು ಅಳಿಸಿ ಒಳಗಿನದನ್ನಷ್ಟೇ ಹಿಡಿಯುವವನೂ ತಪ್ಪಿದವನು, ಹೊರಗಿನದಕ್ಕೇ ನಿಂತವನೂ ತಪ್ಪಿದವನು. ಬಂದೇನವಾಜರು ಶರೀಅತ್ತಿನ ವಿಷಯದಲ್ಲಿ ಬಿಗಿಯಾಗಿದ್ದವರು. ಸೂಫಿ ಲೋಕದ ಮಹಾ ವ್ಯಾಖ್ಯಾನಕಾರನಾದ ಇಬ್ನ್ ಅರಬಿಯ ನಿಲುವುಗಳನ್ನೇ ಅವರು ಕಟುವಾಗಿ ವಿರೋಧಿಸಿದರು. ಅಂದರೆ ಒಳಾರ್ಥದ ಓದಿನೊಳಗೂ ಸರಿ-ತಪ್ಪಿನ ವಾದ ನಡೆಯುತ್ತಿತ್ತು. ಕನ್ನಡದಲ್ಲೂ ಹೀಗೆಯೇ. ಅಲ್ಲಮನ ಸುತ್ತ ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ 'ಶೂನ್ಯಸಂಪಾದನೆ' ಪ್ರಶ್ನೆಗಳಿಂದ ತುಂಬಿದ ಗ್ರಂಥ. ಅಕ್ಕನನ್ನೂ ಬಸವಣ್ಣನನ್ನೂ ಅಲ್ಲಿ ಪರೀಕ್ಷಿಸದೆ ಬಿಟ್ಟಿಲ್ಲ. ಕಲ್ಪನೆಗೆ ರೆಕ್ಕೆ ಇತ್ತು, ಆದರೆ ಗುರುವಿನ ಪ್ರಶ್ನೆ, ಸಭೆಯ ಪ್ರಶ್ನೆ, ನಡೆನುಡಿಯ ಪರೀಕ್ಷೆ ಎಂಬ ಮೂರು ಕಾವಲುಗಳೂ ಇದ್ದವು.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಹಸಿದವನಿಗೆ ಒಳಗೆ ಸಂಪತ್ತಿದೆ ಎಂದು ಹೇಳುವುದು ಅನ್ಯಾಯವನ್ನು ಸಹಿಸಿಕೊಳ್ಳಲು ಕಲಿಸಿದ ಹಾಗೆ. ಬೀಸುವ ಹೆಂಗಸಿನ ದಣಿವನ್ನು ಹಾಡಿನಿಂದ ಮುಚ್ಚಿದ ಹಾಗೆ. ಇಂಥ ದುರುಪಯೋಗ ನಡೆದಿಲ್ಲವೆಂದು ಯಾರೂ ಹೇಳಲಾರರು. ಆದರೆ ದಖ್ಖನಿನ ಸಾಕ್ಷ್ಯ ಒಟ್ಟಾರೆ ಬೇರೆ ಕಡೆಗೆ ತೂಗುತ್ತದೆ. ಮಡಿವಾಳಪ್ಪನವರ ಪದಗಳು ಜಾತಿಯ ಸೊಕ್ಕನ್ನು, ಹೊಟ್ಟೆಪಾಡಿನ ಗುರುಗಳನ್ನು ಜಾಡಿಸುವ ಪದಗಳು. ದೇಹವೇ ದೇಗುಲ ಎಂದು ನಂಬಿದವನಿಗೆ ಗುಡಿಯ ಬಾಗಿಲು ಕಾಯುವವನ ಅಪ್ಪಣೆ ಬೇಕಿಲ್ಲ. ಒಳಮುಖದ ಓದು ಮೊದಲು ಅಲುಗಾಡಿಸಿದ್ದು ಈ ಅಪ್ಪಣೆಯ ಅಧಿಕಾರವನ್ನೇ. ಸಾಹೇಬರೊಬ್ಬರು ಮಠದ ಪರಂಪರೆಯ ಪದಕಾರರಾಗಲು, ಭಟ್ಟರೊಬ್ಬರು ಶರೀಫರಿಗೆ ಗುರುವಾಗಲು ಸಾಧ್ಯವಾದದ್ದು ಈ ನೆಲೆಯಲ್ಲೇ. ಇನ್ನು ಹೊರಗಿನ ಕೆಲಸದ ಮಾತು. ಪ್ರಭುಲಿಂಗಲೀಲೆಯಲ್ಲೂ ಶೂನ್ಯಸಂಪಾದನೆಯಲ್ಲೂ ಅಲ್ಲಮ ಸೊನ್ನಲಿಗೆಗೆ, ಅಂದರೆ ಇಂದಿನ ಸೊಲ್ಲಾಪುರಕ್ಕೆ ಬಂದು, ಕೆರೆ ಕಟ್ಟುತ್ತಿದ್ದ ಸಿದ್ಧರಾಮನನ್ನು ಒಡ್ಡನೆಂದು ಕೆಣಕುತ್ತಾನೆ. ಅಲ್ಲಮನ ತಕರಾರು ಕೆರೆಯ ಬಗ್ಗೆ ಅಲ್ಲ, ಕೆರೆ ಕಟ್ಟಿದೆ ಎಂಬ ಕರ್ತೃತ್ವದ ಬಗ್ಗೆ. ಸಿದ್ಧರಾಮ ಅರಿವಿನ ದಾರಿಯಲ್ಲಿ ಕಲ್ಯಾಣಕ್ಕೆ ಹೋದ, ಸೊಲ್ಲಾಪುರದ ಕೆರೆ ಇಂದಿಗೂ ಅವನ ಹೆಸರಿನಲ್ಲಿದೆ. ಹುಸೇನ್ ಶಾಹ್ ವಲಿಯ ಕೆರೆಯ ಪಕ್ಕದಲ್ಲಿ ಈ ಕಥೆಯನ್ನು ಇಟ್ಟು ನೋಡಿದರೆ, ಒಳಗಿನ ಓದಿಗೂ ಹೊರಗಿನ ಒಳಿತಿಗೂ ವೈರವಿಲ್ಲವೆಂಬುದು ಎರಡೂ ಪರಂಪರೆಗಳ ಅನುಭವವಾಗಿತ್ತು ಎಂದು ತಿಳಿಯುತ್ತದೆ.

ಮೂರನೆಯ ಆಕ್ಷೇಪ ಮಣಿಕೊಂಡದ ನೆಲದಿಂದಲೇ ಏಳುತ್ತದೆ. ಆಸೆ ಬಿಡಿ ಎಂದವರ ಹೆಸರಿನಲ್ಲಿ ಸಾವಿರದ ಆರುನೂರು ಎಕರೆ ಏಕೆ ಬೇಕಿತ್ತು? ಬಹಮನಿ ಅಹಮದ್‌ಶಾಹ ಬಂದೇನವಾಜರನ್ನು ಗೌರವಿಸಿದ, ಅವರ ಮನೆತನಕ್ಕೆ ಉಂಬಳಿಗಳು ಸಂದವು. ಕನ್ನಡ ಸೀಮೆಯ ಮಠಗಳಿಗೂ ಅರಸರು ಭೂಮಿ ಬಿಟ್ಟರು. ದೀಪ, ಅನ್ನಸಂತರ್ಪಣೆ, ಉರುಸು, ಪಾಠಗಳ ಖರ್ಚಿಗೆ ಕೊಟ್ಟ ಇನಾಮುಗಳು ತಲೆಮಾರು ಕಳೆದಂತೆ ಅಧಿಕಾರವಾಗಿ, ಪಾಲಾಗಿ, ಜಗಳವಾಗಿ ಬೆಳೆದದ್ದು ಉಂಟು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, 1949ರಲ್ಲಿ, ಜಾಗೀರುಗಳು ರದ್ದಾದವು. 2006ರಲ್ಲಿ ಮಣಿಕೊಂಡದ ಅಷ್ಟೂ ಎಕರೆಗಳನ್ನು ವಕ್ಫ್ ಪಟ್ಟಿಗೆ ಸೇರಿಸಿದ ತಿದ್ದುಪಡಿ ಅಧಿಸೂಚನೆ ಹೊರಬಿತ್ತು. ಅದನ್ನು ಕೋರ್ಟು ಕೊನೆಗೆ ಒಪ್ಪಲಿಲ್ಲ. ನೆಲ ಯಾರದು ಎಂಬುದು ಕಾಗದಪತ್ರಗಳಿಂದ ತೀರ್ಮಾನವಾಗಬೇಕಾದ ವಿಷಯ, ಆಗಿದೆ. ಆದರೆ ಒಂದು ಮಾತು ಗಮನಿಸಬೇಕು. ಸಂಸ್ಥೆಗಳು ಆಸ್ತಿಗೆ ಅಂಟಿಕೊಂಡದ್ದನ್ನು ಖಂಡಿಸಲು ನಮಗೆ ಸಿಗುವ ಅತ್ಯಂತ ಹರಿತವಾದ ಮಾತುಗಳು ಇದೇ ಸಂತರ ಬಾಯಲ್ಲಿವೆ. ಮಮಕಾರವನ್ನು ಅರಸನ ವೇಷದಲ್ಲಿ ತೋರಿಸಿದ ಚಾಮರಸನ ಕಾವ್ಯ ಯಾವ ಮಠಾಧೀಶನನ್ನೂ ಹೊರಗಿಡುವುದಿಲ್ಲ. ಪರಂಪರೆ ತನ್ನ ಸಂಸ್ಥೆಗಳಿಗಿಂತ ದೊಡ್ಡದು ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಸೂಫಿ ಓದನ್ನೂ ಶರಣರ ಓದನ್ನೂ ಅಕ್ಕಪಕ್ಕ ಇಟ್ಟೊಡನೆ ಎಲ್ಲ ಒಂದೇ ಎಂದುಬಿಡುವ ಸುಲಭದ ಮಾತು ನಾಲಿಗೆಗೆ ಬರುತ್ತದೆ. ಚರಿತ್ರೆ ಅಷ್ಟು ಸುಲಭವಾಗಿಲ್ಲ. ಬಂದೇನವಾಜರು ಸಂಸ್ಕೃತ ಕಲಿತು ಪುರಾಣಗಳನ್ನು ಓದಿದ್ದರು ಎಂದು ಅವರ ಮಾತುಕತೆಗಳ ಸಂಗ್ರಹ ಹೇಳುತ್ತದೆ. ಬ್ರಾಹ್ಮಣ ವಿದ್ವಾಂಸರೊಡನೆ ವಾದ ಮಾಡಿ ಗೆಲ್ಲಲು ಆ ಓದು ಅವರಿಗೆ ಬೇಕಾಗಿತ್ತು. ಅವರ ಹೆಸರಿನಲ್ಲಿ ಬಹುಕಾಲ ನಡೆದುಬಂದ ದಖ್ಖನಿ ಗದ್ಯಕೃತಿ 'ಮಿಅರಾಜುಲ್ ಆಶಿಕೀನ್' ಅವರದೇ ಅಲ್ಲ, ನಂತರದ್ದು ಎಂದು ವಿದ್ವಾಂಸರು ವಾದಿಸಿದ್ದಾರೆ. ಶರಣರ ಲಿಂಗಾಂಗ ಸಾಮರಸ್ಯವೂ ಸೂಫಿಗಳ ಫನಾ ಎಂಬ ಲಯಸ್ಥಿತಿಯೂ ಬೇರೆ ಬೇರೆ ದರ್ಶನಗಳಿಂದ ಹೊರಟವು. ಎರಡರಲ್ಲೂ ಸಮಾನವಾಗಿದ್ದದ್ದು ಓದುವ ಶಿಸ್ತು. ಗ್ರಂಥವನ್ನು ಎದೆಗೆ ತಂದುಕೊಳ್ಳಬೇಕು, ಹಾಗೆ ತಂದುಕೊಂಡಾಗ ಮೊದಲು ಕರಗಬೇಕಾದದ್ದು ಓದುವವನ ಅಹಂಕಾರ ಎಂಬ ಶಿಸ್ತು. ನಂಬಿಕೆಗಳು ಬೇರೆಯಾಗಿದ್ದೂ ಓದಿನ ಬಗೆ ಹತ್ತಿರವಾಗಿತ್ತೆಂಬ ಕಾರಣದಿಂದಲೇ ಮುಂದೆ ತತ್ವಪದದ ಕಟ್ಟೆಯಲ್ಲಿ ಎರಡೂ ಕಡೆಯವರು ಕೂತು ಹಾಡಲು ಸಾಧ್ಯವಾಯಿತು.

ಜಗತ್ತಿನ ಬೇರೆಡೆಯೂ ಇಂಥ ಓದಿಗೆ ದೀರ್ಘ ಇತಿಹಾಸವಿದೆ. ಒಂದನೆಯ ಶತಮಾನದ ಅಲೆಕ್ಸಾಂಡ್ರಿಯದ ಯಹೂದಿ ಚಿಂತಕ ಫೈಲೊ, ಅಬ್ರಹಾಮನು ನಾಡು ಬಿಟ್ಟು ಹೊರಟ ಕಥೆಯನ್ನು ಇಂದ್ರಿಯಗಳ ನಾಡು ಬಿಟ್ಟ ಆತ್ಮದ ಪಯಣವಾಗಿ ಓದಿದ್ದ. ಆಧುನಿಕ ಅಮೆರಿಕದಲ್ಲಿ ಈ ಓದು ಬೇರೊಂದು ತಿರುವು ಪಡೆಯಿತು. ಯೂನಿಟಿ ಪಂಥದ ಚಾರ್ಲ್ಸ್ ಫಿಲ್‌ಮೋರ್ ಬೈಬಲಿನ ಹೆಸರುಗಳಿಗೆಲ್ಲ ಮನಸ್ಸಿನ ಅರ್ಥ ಹೇಳುವ ನಿಘಂಟನ್ನು 1931ರಲ್ಲಿ ಹೊರತಂದರು. ಐದು ವರ್ಷದ ನಂತರ ಅವರ ಹೆಸರಿನಲ್ಲಿ ಬಂದ ಇನ್ನೊಂದು ಪುಸ್ತಕದ ವಿಷಯವೇ ಸಮೃದ್ಧಿ. ಬಾರ್ಬಡೋಸ್‌ನಲ್ಲಿ ಹುಟ್ಟಿದ ನೆವಿಲ್ ಗಾಡರ್ಡ್ (1905–1972) ಬೈಬಲಿನ ಕಥೆಗಳೆಲ್ಲ ಮನುಷ್ಯನ ಕಲ್ಪನಾಶಕ್ತಿಯ ನಾಟಕವೆಂದು ಸಾರಿದರು. 1963ರ ಜೋಸೆಫ್ ಮರ್ಫಿಯ ಸುಪ್ತಮನಸ್ಸಿನ ಶಕ್ತಿಯ ಪುಸ್ತಕ ನಮ್ಮ ಅಂಗಡಿಗಳಲ್ಲೂ ಮಾರಾಟವಾಗುತ್ತಲೇ ಇದೆ. ಹತಾಶರಾದ ಎಷ್ಟೋ ಜನರಿಗೆ ಈ ಬರಹಗಳು ಧೈರ್ಯ ತುಂಬಿವೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ದಖ್ಖನಿನ ಓದಿಗೂ ಇದಕ್ಕೂ ಇರುವ ಅಂತರವನ್ನು ಮರೆಯಬಾರದು. ಅಲ್ಲಿ ಕಲ್ಪನೆ ಬಯಸಿದ್ದನ್ನು ಪಡೆಯುವ ಸಾಧನವಾಗುತ್ತದೆ. ಇಲ್ಲಿ ಕಲ್ಪನೆ ಬಯಕೆಯನ್ನೇ ಪರೀಕ್ಷೆಗೆ ಒಡ್ಡುತ್ತದೆ. ಅಲ್ಲಿ ಓದುಗ ಒಬ್ಬನೇ ಕೂತು ತನ್ನ ಏಳಿಗೆಯನ್ನು ಚಿತ್ರಿಸಿಕೊಳ್ಳುತ್ತಾನೆ. ಇಲ್ಲಿ ಹತ್ತು ಜನರ ನಡುವೆ ಕೂತು ಪ್ರಶ್ನೆ ಎದುರಿಸಿ, ಕೊನೆಗೆ ಪ್ರಸಾದ ಹಂಚಿಕೊಂಡು ಏಳುತ್ತಾನೆ. ಇಂದು ಧ್ಯಾನ, ಯೋಗ, ಸಕಾರಾತ್ಮಕ ಚಿಂತನೆಯ ಶಿಬಿರಗಳು ಹಣವಂತಿಕೆಯ ಮೆಟ್ಟಿಲಾಗಿ ಬಿಕರಿಯಾಗುವಾಗ ನಮ್ಮ ಪರಂಪರೆಯ ಹೆಸರನ್ನೂ ಬಳಸಿಕೊಳ್ಳಲಾಗುತ್ತದೆ. ಆ ಬಳಕೆಗೆ ಚರಿತ್ರೆಯ ಒಪ್ಪಿಗೆ ಇಲ್ಲ.

ಮಣಿಕೊಂಡದಲ್ಲಿ ಇಂದು ಕನ್ನಡ ಮಾತಾಡುವ ಕುಟುಂಬಗಳೂ ಇವೆ. ಕಲಬುರಗಿ, ಬೀದರ್, ರಾಯಚೂರಿನಿಂದ ಕೆಲಸ ಹುಡುಕಿ ಹೊರಟ ತರುಣರಿಗೆ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ. 1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಹೈದರಾಬಾದೇ ಅವರ ರಾಜಧಾನಿಯಾಗಿತ್ತು. ಇಲ್ಲಿಗೆ ಬಂದ ಕನ್ನಡಿಗ ಪರಊರಿಗೆ ಬಂದವನಲ್ಲ. ತನ್ನ ಸೀಮೆಯ ಸಂತನ ಮನೆತನ ನಾಲ್ಕೂವರೆ ಶತಮಾನಗಳ ಹಿಂದೆ ನಡೆದ ದಾರಿಯಲ್ಲೇ ಬಂದವನು. ಅವನ ಕೈಯಲ್ಲಿ ಅವನ ಹಿರಿಯರ ಕೈಯಲ್ಲಿ ಇಲ್ಲದಿದ್ದ ಅನುಕೂಲಗಳಿವೆ. ಪ್ರಭುಲಿಂಗಲೀಲೆ, ಶೂನ್ಯಸಂಪಾದನೆ, ನಿಜಗುಣರ ಕೃತಿಗಳು ಅಚ್ಚಾಗಿವೆ. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ತತ್ವಪದಗಳನ್ನು ಸಂಪುಟ ಸಂಪುಟವಾಗಿ ಪ್ರಕಟಿಸಿದೆ. ಇಲ್ಲದಿರುವುದು ಪುರಾಣದ ಕಟ್ಟೆ ಮಾತ್ರ. ಅದನ್ನು ಕಟ್ಟಲು ಎಕರೆಗಟ್ಟಲೆ ನೆಲ ಬೇಡ. ವಾರಕ್ಕೊಂದು ಸಂಜೆ, ಒಂದು ಮನೆಯ ಹಜಾರ, ಓದಲು ಒಬ್ಬರು, ಅರ್ಥ ಬಿಡಿಸಲು ಒಬ್ಬರು, ಪ್ರಶ್ನೆ ಕೇಳಲು ನಾಲ್ಕು ಜನ ಸಾಕು. ಓದಿದ ಪದ್ಯವನ್ನು ತಮ್ಮ ದುಡಿಮೆಗೆ, ಸಾಲಕ್ಕೆ, ಭಯಕ್ಕೆ, ಆಸೆಗೆ ಹಚ್ಚಿ ನೋಡುವ ಪ್ರಾಮಾಣಿಕತೆ ಬೇಕು. ಸುಳ್ಳು ಅರ್ಥವನ್ನು ಸುಳ್ಳೆಂದು ಹೇಳುವ ಗೆಳೆಯರು ಬೇಕು. ಮಣಿಕೊಂಡದ ನೆಲದ ಲೆಕ್ಕವನ್ನು ಕೋರ್ಟು ಮುಗಿಸಿದೆ. ಕಲಬುರಗಿಯಿಂದ ಬಂದ ಇನ್ನೊಂದು ಆಸ್ತಿಗೆ ಮಾತ್ರ ವಾರಸುದಾರರು ಬೇಕಾಗಿದ್ದಾರೆ. ಅದನ್ನು ಪಡೆಯಲು ಅರ್ಜಿ ಹಾಕಬೇಕಿಲ್ಲ, ಕನ್ನಡ ಓದಲು ಬಂದರೆ ಸಾಕು. ಬರುವವರು ಇಂದೇ ಓದಲು ಶುರುಮಾಡಲಿ, ಬಾರದವರಿಗೆ ಓದಿ ಹೇಳಲಿ.